ಚಳಿಗಾಲದ ಬೆಳಿಗ್ಗೆ ಕಾರಿನ ಬಾಗಿಲು, ಕಿಟಕಿ ಹೆಪ್ಪುಗಟ್ಟಿ ತೆರೆಯುವುದಿಲ್ಲ. ಯಾವ ಸ್ಪ್ರೇ ಒಳ್ಳೆಯದು?

ಚಾಲಕನ ಕಡೆಯ ಬಾಗಿಲೇ ದಿನವೂ ಮೊದಲು ಅಂಟಿಕೊಳ್ಳುತ್ತದೆ, ಕಿಟಕಿಯ ಸ್ವಿಚ್ ಒತ್ತಿದರೆ ಮೋಟಾರು ಮುಲುಗುತ್ತದೆಯೇ ಹೊರತು ಗಾಜು ಇಳಿಯುವುದಿಲ್ಲ ಎಂದು ಬರೆದಿದ್ದೀರಿ. ಆ ಮುಲುಗುವ ಸದ್ದನ್ನು ನಾನು ಚೆನ್ನಾಗಿ ಬಲ್ಲೆ. ದಯವಿಟ್ಟು ನಾಳೆ ಬೆಳಿಗ್ಗೆ ಆ ಸ್ವಿಚ್ಚನ್ನು ಮುಟ್ಟಬೇಡಿ. ಸ್ಪ್ರೇಯ ವಿಚಾರ ಆಮೇಲೆ ನೋಡೋಣ.

ಮೂರು ಚಳಿಗಾಲಗಳ ಹಿಂದೆ, ಬಿಸಿಲು ಚೆನ್ನಾಗಿದ್ದ ಒಂದು ಮಧ್ಯಾಹ್ನ ನಾನು ಕಾರನ್ನು ತೊಳೆದು, ಮೈಯನ್ನು ಮಾತ್ರ ಒರೆಸಿ, ಬಾಗಿಲುಗಳನ್ನು ಒಮ್ಮೆಯೂ ತೆರೆಯದೆ ಹೊರಗೆ ನಿಲ್ಲಿಸಿದ್ದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗೆ ಹೋಯಿತು. ಬೆಳಿಗ್ಗೆ ಆರಕ್ಕೆ ಹೆಂಡತಿಯನ್ನು ಕೆಲಸಕ್ಕೆ ಬಿಡಬೇಕಿತ್ತು. ನನ್ನ ಕಡೆಯ ಬಾಗಿಲು ಬರಲಿಲ್ಲ. ಪಕ್ಕದ ಬಾಗಿಲು ಹೇಗೋ ಬಂತು. ಅಲ್ಲಿಂದ ತೂರಿ ಸ್ಟೀರಿಂಗಿನ ಹಿಂದೆ ಕುಳಿತೆ. ಹೊರಗಿನ ಕನ್ನಡಿಯ ಮೇಲೆ ಹಿಮ ಕಟ್ಟಿತ್ತು. ಗಾಜು ಇಳಿಸಿ ಕೈ ಚಾಚಿ ಅದನ್ನು ಕೆರೆದುಬಿಡೋಣ ಎಂದು ಸ್ವಿಚ್ ಒತ್ತಿದೆ. ಮೋಟಾರು ಮುಲುಗಿತು, ಗಾಜು ಕದಲಲಿಲ್ಲ. ಎರಡನೆಯ ಸಲ ಒತ್ತಿದೆ. ಮೂರನೆಯ ಸಲ ಬೆರಳು ತೆಗೆಯದೆ ಒತ್ತಿ ಹಿಡಿದೆ. ಬಾಗಿಲ ಒಳಗೆ ಟಪ್ ಎಂದಿತು, ಮರುಕ್ಷಣ ಮೋಟಾರು ಹಗುರಾಗಿ ತಿರುಗತೊಡಗಿತು. ಅಂಟು ಬಿಟ್ಟಿತು ಎಂದೇ ನಾನು ತಿಳಿದೆ. ಆದರೆ ಗಾಜು ಇದ್ದಲ್ಲಿಯೇ ಇತ್ತು. ಹೊರಟು ಅರ್ಧ ಗಂಟೆಯ ಮೇಲೆ, ಹೀಟರಿನ ಬಿಸಿಗೆ ಮಂಜು ಕರಗಿದಾಗ, ಆ ಗಾಜು ತಾನಾಗಿಯೇ ಜಾರಿ ಬಾಗಿಲ ಹೊಟ್ಟೆಯೊಳಗೆ ಬಿದ್ದುಹೋಯಿತು. ಅಂಥ ಚಳಿಯಲ್ಲಿ ಕಿಟಕಿಯಿಲ್ಲದೆ ಮನೆಗೆ ಮರಳಿದೆವು.

ಆ ಮೂರನೆಯ ಒತ್ತು ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ಹಾಳುಮಾಡಿಕೊಂಡದ್ದೆಲ್ಲ ಅಲ್ಲಿಯೇ. ಕಿಟಕಿಯ ಗಾಜು ಎರಡೂ ಪಕ್ಕಗಳಲ್ಲಿ ರಬ್ಬರಿನ ತೋಡಿನೊಳಗೆ ಜಾರುತ್ತದೆ, ಕೆಳಗೆ ಎರಡು ರಬ್ಬರ್ ಪಟ್ಟಿಗಳ ನಡುವೆ ಬಾಗಿಲೊಳಗೆ ಇಳಿಯುತ್ತದೆ. ನೀರು ನಿಲ್ಲುವುದು ಈ ಸಂದುಗಳಲ್ಲಿ, ಹೆಪ್ಪುಗಟ್ಟುವುದೂ ಅಲ್ಲಿಯೇ. ಮೋಟಾರು ಗಾಜನ್ನು ನೇರವಾಗಿ ಎಳೆಯುವುದಿಲ್ಲ. ಅನೇಕ ಕಾರುಗಳಲ್ಲಿ ಅದು ಒಂದು ತೆಳು ಉಕ್ಕಿನ ಕೇಬಲ್ಲನ್ನು ಎಳೆಯುತ್ತದೆ, ಕೇಬಲ್ಲು ಗಾಜಿನ ತಳವನ್ನು ಕಚ್ಚಿ ಹಿಡಿದ ಪ್ಲಾಸ್ಟಿಕ್ ಕ್ಲಿಪ್ಪನ್ನು ಎಳೆಯುತ್ತದೆ. ಗಾಜನ್ನು ಮಂಜು ಬಿಡದೆ ಹಿಡಿದಿರುವಾಗ ಮೋಟಾರು ಎಳೆಯುತ್ತಲೇ ಇದ್ದರೆ, ಆ ಸರಪಣಿಯಲ್ಲಿ ಯಾವುದು ದುರ್ಬಲವೋ ಅದು ಮುರಿಯುತ್ತದೆ, ಮತ್ತು ಚಳಿಗೆ ಪ್ಲಾಸ್ಟಿಕ್ಕು ಗರಿಗರಿಯಾಗಿ ಒಡೆಯುವಂತಾಗಿರುತ್ತದೆ. ಬಾಗಿಲಿನ ಹಿಡಿಕೆ ಎಳೆಯುವಾಗ ಎಷ್ಟು ಬಿಗಿಯಾಗಿದೆ ಎಂಬುದು ಕೈಗೆ ತಿಳಿಯುತ್ತದೆ, ಆದ್ದರಿಂದ ನಾವು ನಿಲ್ಲಿಸುತ್ತೇವೆ. ಸ್ವಿಚ್ಚಿನ ಮೇಲಿನ ಬೆರಳಿಗೆ ಏನೂ ತಿಳಿಯುವುದಿಲ್ಲ. ಮೋಟಾರಿಗೆ ಮಿತಿಮೀರಿ ಬಿಸಿಯಾದರೆ ನಿಲ್ಲುವ ವ್ಯವಸ್ಥೆ ಇರುತ್ತದೆ ನಿಜ, ಆದರೆ ಅದು ಕಾಯುವುದು ಮೋಟಾರನ್ನು, ಕ್ಲಿಪ್ಪನ್ನಲ್ಲ. ಮೆಕ್ಯಾನಿಕ್ ಬಾಗಿಲ ಒಳಹಲಗೆ ಬಿಚ್ಚಿ, ಹೆಬ್ಬೆರಳ ಉಗುರಿನಷ್ಟು ಬಿಳಿ ಪ್ಲಾಸ್ಟಿಕ್ ಚೂರೊಂದನ್ನು ನನ್ನ ಅಂಗೈಯಲ್ಲಿಟ್ಟು, ಇದೊಂದೇ ಬಿಡಿಯಾಗಿ ಸಿಗುವುದಿಲ್ಲ, ಗಾಜನ್ನು ಏರಿಸಿ ಇಳಿಸುವ ಇಡೀ ಜೋಡಣೆಯನ್ನೇ, ಅಂದರೆ ರೆಗ್ಯುಲೇಟರನ್ನೇ, ಬದಲಿಸಬೇಕು ಎಂದರು.

ಈಗ ನಿಮ್ಮ ಸ್ಪ್ರೇಯ ಪ್ರಶ್ನೆ. ಬೆಳಿಗ್ಗೆ ಯಾವುದನ್ನು ಸಿಂಪಡಿಸಬೇಕು ಎಂದು ಕೇಳುವುದನ್ನೇ ನಾನು ಒಪ್ಪುವುದಿಲ್ಲ. ಬಾಗಿಲನ್ನು ಅಂಟಿಸುವುದು ಬರಿಯ ಚಳಿಯಲ್ಲ, ಸಂಜೆ ನಾವು ರಬ್ಬರಿನ ಮೇಲೆ ಉಳಿಸಿಹೋದ ನೀರು. ಒಣಗಿದ ಬಾಗಿಲು ಎಂಥ ಚಳಿಯಲ್ಲೂ ತೆರೆಯುತ್ತದೆ. ಆದ್ದರಿಂದ ಕೆಲಸವಿರುವುದು ಸಂಜೆಗೆ: ನಾಲ್ಕೂ ಬಾಗಿಲು ತೆರೆದು, ಚೌಕಟ್ಟಿನ ಸುತ್ತಲಿನ ರಬ್ಬರ್ ಬೀಡಿಂಗನ್ನೂ ಅದು ತಾಗುವ ಲೋಹದ ಅಂಚನ್ನೂ ಒಣ ಬಟ್ಟೆಯಿಂದ ಒರೆಸಿ. ಐದು ನಿಮಿಷವೂ ಹಿಡಿಯುವುದಿಲ್ಲ. ಕಾರು ಬಿಸಿಯಾಗಿರುವಾಗ ಮೇಲೆ ಬಿದ್ದ ಹಿಮ ಕರಗಿ ಅಂಚಿಗೆ ಇಳಿಯುತ್ತದೆ. ಅದರ ಮೇಲೆಯೇ ರಾತ್ರಿ ಕಳೆದರೆ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿದಂತೆಯೇ. ಹವಾಮಾನ ವರದಿಯಲ್ಲಿ 2 ಅಥವಾ 3 ಡಿಗ್ರಿ ಎಂದಿದ್ದರೆ ನಿಶ್ಚಿಂತರಾಗಬೇಡಿ. ಮೋಡವಿಲ್ಲದ ರಾತ್ರಿ ಕಾರಿನ ಲೋಹವೂ ಗಾಜೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತವೆ.

ಬೀಡಿಂಗಿಗೆ ಚಳಿಗಾಲದ ಆರಂಭದಲ್ಲೊಮ್ಮೆ, ಮತ್ತೆ ಕೆಲವು ವಾರಗಳಿಗೊಮ್ಮೆ, ಸಿಲಿಕೋನ್ ಗ್ರೀಸನ್ನು ಬಟ್ಟೆಗೆ ಹಚ್ಚಿಕೊಂಡು ತೆಳುವಾಗಿ ಉಜ್ಜಿ. ಅದು ನೀರನ್ನು ನಿಲ್ಲಗೊಡುವುದಿಲ್ಲ, ರಬ್ಬರನ್ನೂ ಮೆತ್ತಗಿಡುತ್ತದೆ. ಪೆಟ್ರೋಲಿಯಂ ಜೆಲ್ಲಿಯನ್ನೋ ಮನೆಯಲ್ಲಿರುವ ಯಂತ್ರದ ಎಣ್ಣೆಯನ್ನೋ ಹಚ್ಚುವ ಸಲಹೆಯನ್ನು ಕೇಳಬೇಡಿ. ಬಾಗಿಲಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ಎಂಬ ಕೃತಕ ರಬ್ಬರು ಪೆಟ್ರೋಲಿಯಂ ಎಣ್ಣೆ ತಾಗಿದರೆ ಕ್ರಮೇಣ ಊದಿಕೊಂಡು ಸಡಿಲಾಗುತ್ತದೆ. ಗಾಜು ಜಾರುವ ತೋಡಿಗೆ ಗ್ರೀಸು ಬೇಡ, ಸಿಲಿಕೋನ್ ಸ್ಪ್ರೇಯನ್ನು ಒಂದೆರಡು ಬಾರಿ ಹಾಯಿಸಿದರೆ ಸಾಕು. ಬಾಗಿಲ ತಳದಂಚಿನಲ್ಲಿ ನೀರು ಹೊರಹೋಗಲು ಸಣ್ಣ ರಂಧ್ರಗಳಿರುತ್ತವೆ, ಅವು ಮಣ್ಣಿನಿಂದ ಮುಚ್ಚಿರಬಹುದು. ಅವನ್ನೂ ಕಡ್ಡಿಯಿಂದ ಬಿಡಿಸಿ.

ಇಷ್ಟಾಗಿಯೂ ಒಂದು ದಿನ ಅಂಟಿಕೊಂಡರೆ, ಎಳೆಯುವ ಮೊದಲು ಒಳಕ್ಕೆ ಒತ್ತಿ. ಅಂಗೈ ಅಗಲವಾಗಿಟ್ಟು ಅಂಚಿನುದ್ದಕ್ಕೂ ಮೈಭಾರ ಹಾಕಿದರೆ ಮಂಜಿನ ಪದರ ಬಿರಿಯುತ್ತದೆ. ಜಗ್ಗಿದರೆ ಬೀಡಿಂಗು ಕಿತ್ತುಬರುತ್ತದೆ, ಇಲ್ಲವೇ ಹಿಡಿಕೆ ಮುರಿಯುತ್ತದೆ. ಒತ್ತಿದರೂ ಬಿಡದಿದ್ದರೆ ಮಾತ್ರ ಆಲ್ಕೋಹಾಲಿನ ಸ್ಪ್ರೇ ಬಳಸಬಹುದು: ಎರಡು ಪಾಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಒಂದು ಪಾಲು ನೀರು. ದಿನವೂ ಹಾಕಿದರೆ ರಬ್ಬರು ಒಣಗುತ್ತದೆ. ಕುದಿಯುವ ನೀರು ಮಾತ್ರ ಬೇಡವೇ ಬೇಡ; ಗಾಜು ಬಿರುಕು ಬಿಡಬಹುದು, ಬಿಡದಿದ್ದರೂ ಅದೇ ನೀರು ಕೆಳಗಿನ ಸಂದಿಗಿಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಗಾಜಿಗೆ ಚೌಕಟ್ಟಿಲ್ಲದ ಬಾಗಿಲುಗಳಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅಲ್ಲಿ ಹಿಡಿಕೆ ಎತ್ತಿದೊಡನೆ ಗಾಜು ತಾನೇ ಕೊಂಚ ಇಳಿಯಬೇಕು. ಮಂಜು ಹಿಡಿದಿದ್ದರೆ ಇಳಿಯದು.

ನಿಮ್ಮ ಕಾರಿನಲ್ಲಿ ದಿನವೂ ಅದೊಂದೇ ಬಾಗಿಲು ಮೊದಲು ಅಂಟಿಕೊಳ್ಳುತ್ತಿರುವುದರಿಂದ ಅದರ ಬೀಡಿಂಗನ್ನೇ ನಾನು ಸಂಶಯಿಸುತ್ತೇನೆ. ಕಾಗದದ ಪಟ್ಟಿಯೊಂದನ್ನು ಅಂಚಿಗಿಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆದು ನೋಡಿ. ಸುತ್ತಲೂ ಗೇಣು ಗೇಣಿಗೆ ಹೀಗೆ ಮಾಡಿ. ಕಾಗದ ತಡೆಯಿಲ್ಲದೆ ಜಾರಿಬರುವ ಜಾಗದಲ್ಲಿ ರಬ್ಬರು ಚಪ್ಪಟೆಯಾಗಿದೆ ಅಥವಾ ಹರಿದಿದೆ, ಅಲ್ಲಿಂದಲೇ ನೀರು ಒಳಸೇರುತ್ತಿದೆ. ಹಾಗಿದ್ದರೆ ಸ್ಪ್ರೇಗೆ ಎತ್ತಿಟ್ಟ ಹಣದಲ್ಲಿ ಮೊದಲು ಆ ಬೀಡಿಂಗನ್ನು ಬದಲಿಸಿ.