ಸರ್ಕಾರಕ್ಕೆ ಸರಬರಾಜು ಇದ್ದರೆ ವಿಧಾನಸಭೆಗೆ ನಿಲ್ಲಬಹುದೇ?
ಸರ್, ಬೇಕರಿ ನಡೆಸುತ್ತಾ, ಸರ್ಕಾರಿ ಹಾಸ್ಟೆಲ್‌ಗೆ ಬ್ರೆಡ್ ಕೊಡುತ್ತಾ ಪಕ್ಷೇತರನಾಗಿ ವಿಧಾನಸಭೆಗೆ ನಿಲ್ಲಬಹುದೇ ಎಂದು ಕೇಳಿದ್ದೀರಿ. ಮೊದಲು ಆ ಬ್ರೆಡ್ಡಿನ ವಿಷಯ ನೋಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ಪ್ರಕಾರ, ರಾಜ್ಯ ಸರ್ಕಾರದ ಜೊತೆ ನಿಮ್ಮ ಸರಬರಾಜು ಕರಾರು ಚಾಲ್ತಿಯಲ್ಲಿದ್ದರೆ ನೀವು ಅನರ್ಹರು. ಸರಬರಾಜು ಪೂರ್ತಿ ಮುಗಿಸಿ ಬಿಲ್ ಮಾತ್ರ ಬಾಕಿ ಇದ್ದರೆ ಅಡ್ಡಿಯಿಲ್ಲ. ಹಾಗಾಗಿ ನಾಮಪತ್ರಕ್ಕೆ ಮುಂಚೆಯೇ ವಕೀಲರಿಗೆ ಕರಾರು ಪತ್ರ ತೋರಿಸಿ.

ಉಳಿದದ್ದು ಸುಲಭ: ಕ್ಷೇತ್ರದ 10 ಮತದಾರರು ಸೂಚಕರಾಗಿ ನಾಮಪತ್ರಕ್ಕೆ ಸಹಿ ಹಾಕಬೇಕು, ಠೇವಣಿ 10,000 ರೂಪಾಯಿ (ಪರಿಶಿಷ್ಟರಿಗೆ 5,000), ಚುನಾವಣಾ ಖರ್ಚಿಗೆ ಬೇರೆಯದೇ ಬ್ಯಾಂಕ್ ಖಾತೆ.

‘ಜಿಎಸ್‌ಟಿ ಇಳಿಸುತ್ತೇನೆ’ ಎಂದು ಮಾತ್ರ ದಯವಿಟ್ಟು ಮಾತು ಕೊಡಬೇಡಿ. ದರದ ಶಿಫಾರಸು ಜಿಎಸ್‌ಟಿ ಮಂಡಳಿಯದು, ಶಾಸಕರ ಕೈಯಲ್ಲಿಲ್ಲ. ಆದರೆ 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ನಮ್ಮ ಬೀದಿಯ ಟೀ ಅಂಗಡಿಯವರು ಕ್ಯೂಆರ್ ಸ್ಟಿಕ್ಕರ್ ಕಿತ್ತು, ರಟ್ಟಿನ ಮೇಲೆ ‘ಕ್ಯಾಶ್ ಮಾತ್ರ’ ಎಂದು ಬರೆದು ತೂಗುಹಾಕಿದ್ದರು. ಆ ಭಯ ನನಗಿನ್ನೂ ನೆನಪಿದೆ. ಅದನ್ನು ಸದನದಲ್ಲಿ ಕೇಳಲು ಅಂಗಡಿ ನಡೆಸಿದವರೇ ಬೇಕು. ನೀವು ನಿಲ್ಲಲೇಬೇಕು ಎಂಬುದು ನನ್ನ ಆಸೆ.