ರೋಮಾ ಜನರ ಆಯಸ್ಸು ಕಡಿಮೆಯಾಗಲು ಅಲೆಮಾರಿತನವೇ ಕಾರಣವೇ?

ಪ್ರಶ್ನೆ: ಯುರೋಪಿನ ರೋಮಾ ಜನರ ಮೂಲ ಭಾರತವೆಂದೂ ಅಲ್ಲಿನ ಇತರರಿಗಿಂತ ಅವರ ಆಯಸ್ಸು ಕಡಿಮೆಯೆಂದೂ ಓದಿದೆ. ಅವರ ಅಲೆಮಾರಿ ಬದುಕೇ ಇದಕ್ಕೆ ಕಾರಣವೇ? ನಮ್ಮ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳಿಗೂ ಅವರಿಗೂ ನಂಟಿದೆಯೇ?
– ಓದುಗರೊಬ್ಬರು, ಹುಣಸೂರು

ಉತ್ತರ: ನಂಟಿನ ವಿಚಾರವನ್ನು ಮೊದಲು ಮುಗಿಸೋಣ. ರೋಮಾ ಜನರ ರೋಮಾನಿ ಭಾಷೆಯೂ ಹಕ್ಕಿಪಿಕ್ಕಿಗಳ ವಾಗ್ರಿ ಭಾಷೆಯೂ ಹಿಂದಿಯಂತೆ ಇಂಡೋ-ಆರ್ಯನ್ ವರ್ಗದವು. ಹಿಂದಿಯ ‘ದೋ’, ‘ಪಾಂಚ್’ಗಳನ್ನು ನೆನಪಿಸುವಂತೆ ರೋಮಾನಿಯಲ್ಲಿ ಎರಡಕ್ಕೆ ‘ದುಯಿ’, ಐದಕ್ಕೆ ‘ಪಾಂಜ್’ ಎನ್ನುತ್ತಾರೆ. ಅಷ್ಟರಿಂದಲೇ ನೆಂಟಸ್ತನ ಕಟ್ಟುವುದು ಆತುರವಾದೀತು.

ಅಲೆಮಾರಿತನದ ಊಹೆಯಂತೂ ನಿಲ್ಲುವುದಿಲ್ಲ. ರೋಮಾ ಜನರಲ್ಲಿ ಬಹುಪಾಲು ಮಂದಿ ತಲೆಮಾರುಗಳಿಂದ ಒಂದೆಡೆ ನೆಲೆನಿಂತವರು. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆಯು 2021ರಲ್ಲಿ ಹತ್ತು ದೇಶಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ರೋಮಾ ಮಹಿಳೆಯರು ಉಳಿದ ಮಹಿಳೆಯರಿಗಿಂತ ಸರಾಸರಿ 11 ವರ್ಷ, ಪುರುಷರು ಸುಮಾರು 9 ವರ್ಷ ಕಡಿಮೆ ಬದುಕುತ್ತಾರೆ. ಅದೇ ಸಮೀಕ್ಷೆಯಲ್ಲಿ ಶೇ 80ರಷ್ಟು ಮಂದಿ ಬಡತನದ ಅಂಚಿನಲ್ಲಿದ್ದರು. ಶೇ 22ರಷ್ಟು ಮಂದಿಯ ಮನೆಯಲ್ಲಿ ನಲ್ಲಿ ನೀರಿರಲಿಲ್ಲ. ಬಲ್ಗೇರಿಯಾದಲ್ಲಿ ಬಹುಕಾಲ ಕೆಲಸವಿಲ್ಲದವರು ಆರೋಗ್ಯ ವಿಮೆಯ ಕಂತನ್ನು ತಾವೇ ಕಟ್ಟಬೇಕಾಗುವುದರಿಂದ, ಅಲ್ಲಿನ ಅನೇಕ ರೋಮಾ ಕುಟುಂಬಗಳು ವಿಮೆಯ ಹೊರಗೇ ಉಳಿದಿವೆ.

ಆದರೆ ಆಸ್ಪತ್ರೆ ಹತ್ತಿರವಿದ್ದರೂ ಹೋಗಲು ಹಿಂಜರಿಯುವವರಿದ್ದಾರೆ, ಅದಕ್ಕೆ ‘ತಿಳಿವಳಿಕೆ ಸಾಲದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹಿಂದಿನ ಚೆಕೊಸ್ಲೊವಾಕಿಯಾದಲ್ಲಿ ರೋಮಾ ಮಹಿಳೆಯರಿಗೆ ಹಣದ ಆಸೆ ತೋರಿಸಿಯೋ ಒತ್ತಡ ಹೇರಿಯೋ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಂಡಿದ್ದ ಸ್ಲೊವಾಕಿಯಾದ ಪ್ರಕರಣವೊಂದರಲ್ಲಿ, ಅದು ಒಪ್ಪಿಗೆಯೇ ಅಲ್ಲವೆಂಬ ನಿಲುವು ತಳೆದ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2011ರಲ್ಲಿ ಸರ್ಕಾರದ ವಿರುದ್ಧ ತೀರ್ಪಿತ್ತಿತು. ಚೆಕ್ ಸಂಸತ್ತು 2021ರಲ್ಲಷ್ಟೇ ಇಂಥ ಸಂತ್ರಸ್ತರಿಗೆ ತಲಾ 3 ಲಕ್ಷ ಕೊರುನಾ ಪರಿಹಾರ ನೀಡುವ ಕಾಯ್ದೆ ಮಾಡಿತು. ತಾಯಿಗೆ ಹೀಗಾದದ್ದನ್ನು ಕೇಳಿ ಬೆಳೆದ ಮಗಳು ಹೆರಿಗೆ ವಾರ್ಡಿನ ಬಾಗಿಲಲ್ಲಿ ಅಳುಕಿದರೆ ಅದನ್ನು ಅಜ್ಞಾನ ಎನ್ನಲಾದೀತೇ?

ಈ ಅಳುಕನ್ನು ಕಳೆಯಲು ರೊಮೇನಿಯಾ ಹಿಡಿದ ದಾರಿ ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಹೊಸದೆನಿಸದು. ರೋಮಾ ಮಹಿಳೆಯರನ್ನೇ ಆರೋಗ್ಯ ಮಧ್ಯವರ್ತಿಗಳಾಗಿ ನೇಮಿಸುವ ಪದ್ಧತಿಯನ್ನು ಅಲ್ಲಿನ ಸರ್ಕಾರ 2002ರಲ್ಲಿ ತನ್ನದಾಗಿಸಿಕೊಂಡಿತು. ಅವರು ಮಕ್ಕಳಿಗೆ ಲಸಿಕೆ ಹಾಕಿಸುತ್ತಾರೆ, ಕಾಗದಪತ್ರ ಮಾಡಿಸಿಕೊಡುತ್ತಾರೆ, ವೈದ್ಯರ ಮಾತನ್ನು ಮನೆಯವರಿಗೂ ಮನೆಯವರ ಮಾತನ್ನು ವೈದ್ಯರಿಗೂ ಮುಟ್ಟಿಸುತ್ತಾರೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿಯೂ ಹಾಡಿಯವಳೇ ಆದ ಕಾರ್ಯಕರ್ತೆ ಕರೆದರೆ ಬರುವ ಬಾಣಂತಿ, ಜೀಪಿನಲ್ಲಿ ಬಂದಿಳಿದವರು ಕರೆದರೆ ಒಳಸೇರಿಕೊಂಡಾಳು. ಆದರೆ ನಲ್ಲಿಯ ಕೊಳವೆ ಎಳೆಸುವುದು ಮಧ್ಯವರ್ತಿಯ ಕೈಯಲ್ಲಿಲ್ಲ. ಅದು ಅಲ್ಲಿನ ನಗರಸಭೆಯ ಕೆಲಸ.