ಸಮಭಾಜಕದ ಹತ್ತಿರದ ಬೆಟ್ಟಗಳಲ್ಲಿ ಹಿಮನದಿ ಬೆಳೆಯಿತೋ ಕರಗಿತೋ ಅಂತ ಹೇಗೆ ಅಳೆಯುತ್ತಾರೆ? ಥರ್ಮಾಮೀಟರ್ ಇಟ್ಟರೆ ಸಾಕಲ್ವಾ?

ಸಾಕಾಗುವುದಿಲ್ಲ. ನಾನು ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೂಗೋಳ ಕಲಿಸುವವಳು. ಹಿಮನದಿ ಕಣ್ಣಾರೆ ಕಂಡಿಲ್ಲ, ಆದರೆ ಕ್ಲಾಸಿನಲ್ಲಿ ಈ ಪ್ರಶ್ನೆ ಬರುತ್ತಲೇ ಇರುವುದರಿಂದ ಓದಿಕೊಂಡಿದ್ದೇನೆ.

ಮುಖ್ಯ ಸಾಧನ ಬರೀ ಕೋಲು! ಹಿಮನದಿಯ ಕೆಳಭಾಗದಲ್ಲಿ ಹಬೆಯಿಂದ ಆಳವಾದ ತೂತು ಕೊರೆದು ಕೋಲು ಇಳಿಸುತ್ತಾರೆ. ಮುಂದಿನ ಸಲ ಹೋದಾಗ ಅದು ಒಂದು ಮೀಟರ್ ಜಾಸ್ತಿ ಹೊರಗೆ ಕಂಡರೆ ಅಷ್ಟು ಮಂಜುಗಡ್ಡೆ ಹೋಯಿತು ಅಂತ ಅರ್ಥ. ನೀರಿನ ಲೆಕ್ಕದಲ್ಲಿ ಸುಮಾರು 900 ಮಿ.ಮೀ. ಮೇಲ್ಭಾಗದಲ್ಲಿ ಕರಗುವುದಕ್ಕಿಂತ ಬೀಳುವುದೇ ಹೆಚ್ಚು. ಅಲ್ಲಿ ಗುಂಡಿ ತೋಡಿ, ವರ್ಷದ ಹಿಮದ ಪದರ ಎಷ್ಟು ದಪ್ಪ ಅಂತ ನೋಡಿ, ತೂಗುತ್ತಾರೆ. ಎರಡನ್ನೂ ಇಡೀ ಹಿಮನದಿಯ ವಿಸ್ತೀರ್ಣಕ್ಕೆ ಹರಡಿ ಕೂಡಿ ಕಳೆದರೆ ವರ್ಷದ ಲೆಕ್ಕ ಸಿಗುತ್ತದೆ.

ಆಲ್ಪ್ಸ್‌ನಲ್ಲಿ ಚಳಿಗಾಲ ಮುಗಿದಾಗ ಒಮ್ಮೆ, ಬೇಸಿಗೆ ಮುಗಿದಾಗ ಒಮ್ಮೆ ಅಳೆದರೆ ನಡೆಯುತ್ತದೆ. ಉಷ್ಣವಲಯದಲ್ಲಿ ಹಾಗಲ್ಲ, ಕೆಳಭಾಗ ವರ್ಷವಿಡೀ ಕರಗುತ್ತದೆ. ಬೊಲಿವಿಯದ ಲಾ ಪಾಜ್ ಹತ್ತಿರ ಜೊಂಗೊ ಅಂತ ಒಂದು ಹಿಮನದಿ ಇದೆ. 1991ರಿಂದ ಅಳೆಯುತ್ತಿದ್ದಾರೆ, ಕೆಳಗಿನ ಕೋಲುಗಳನ್ನಂತೂ ತಿಂಗಳು ತಿಂಗಳೂ. ಅಲ್ಲಿ ಸೆಕೆಗಾಲವೂ ಮಳೆಗಾಲವೂ ಒಂದೇ. ಹಿಮ ಬೀಳುವ ತಿಂಗಳುಗಳಲ್ಲೇ ಕರಗುವುದೂ ಜೋರು.

ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಬಿಸಿಲಿನದು. ಹೊಸ ಹಿಮ ಬಿದ್ದ ಬಿಸಿಲಿನ ಶೇ. 80ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಬರೀ ಮಂಜುಗಡ್ಡೆ ಅರ್ಧಕ್ಕಿಂತ ಜಾಸ್ತಿ ನುಂಗುತ್ತದೆ. ಹಾಗಾಗಿ ಮಳೆಗಾಲ ತಡವಾದರೆ ಮಂಜುಗಡ್ಡೆ ಹೊದಿಕೆಯಿಲ್ಲದೆ ಬಿಸಿಲಿಗೆ ಬೀಳುತ್ತದೆ. ಇಲ್ಲಿ ಜೂನ್‌ನಲ್ಲಿ ಮಳೆ ಕೈಕೊಟ್ಟರೆ ನಾವು ಬಾವಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ಇಣುಕಿ ನೋಡುತ್ತೇವಲ್ಲ, ಅಲ್ಲೂ ಅಂಥದ್ದೇ ಆತಂಕ.

ಇನ್ನು ಒಣ ಗಾಳಿ. ಅದರಲ್ಲಿ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ. ಅದಕ್ಕೆ ಕರಗಿಸುವುದಕ್ಕಿಂತ ಎಂಟು ಪಟ್ಟಿಗೂ ಹೆಚ್ಚು ಶಾಖ ಬೇಕು. ಅಂದರೆ ಅಷ್ಟೇ ಬಿಸಿಲಿಗೆ ಒಣಗಾಲದಲ್ಲಿ ಕಡಿಮೆ ಮಂಜುಗಡ್ಡೆ ಹೋಗುತ್ತದೆ. ಥರ್ಮಾಮೀಟರ್ ಇದನ್ನು ಹೇಳುವುದಿಲ್ಲ. ಅದಕ್ಕೇ ಹಿಮನದಿಯ ಮೇಲೆ ಬಿಸಿಲು, ಗಾಳಿ, ತೇವ ಅಳೆಯುವ ಯಂತ್ರವನ್ನೂ ಇಡುತ್ತಾರೆ.

ಬಿರುಕು, ಕಡಿದಾದ ಜಾಗಗಳಲ್ಲಿ ಕೋಲು ನೆಡಲಾಗದು. ಅಲ್ಲಿಗೆ ಉಪಗ್ರಹವೇ ಗತಿ: ಎರಡು ವರ್ಷಗಳ ಎತ್ತರದ ನಕ್ಷೆಗಳನ್ನು ಒಂದರಿಂದೊಂದು ಕಳೆಯುತ್ತಾರೆ. ಲಾ ಪಾಜ್ ಹತ್ತಿರದ್ದೇ ಚಕಲ್ತಾಯ ಹಿಮನದಿಯಲ್ಲಿ ಜನ ಸ್ಕೀ ಆಡುತ್ತಿದ್ದರು. 2009ರ ಹೊತ್ತಿಗೆ ಅಲ್ಲಿ ಅಳೆಯಲು ಹಿಮನದಿಯೇ ಉಳಿಯಲಿಲ್ಲ.